ತಮ್ಮ ಬಿಟ್ಟು ಹೋದ 10 ಅಡಿ ಅನಕೊಂಡ: ತುಮಕೂರಿನ ಮನೆಯಲ್ಲಿ ಇದನ್ನು ಹೇಗೆ ನೋಡಿಕೊಳ್ಳೋದು?

ಕ್ಯಾತ್ಸಂದ್ರ_ಹುಡುಗ (ತುಮಕೂರು)
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ವಿಚಿತ್ರ, ಆದರೂ ಕೇಳುತ್ತೇನೆ. ನನ್ನ ತಮ್ಮ ಬೆಂಗಳೂರಿನಲ್ಲಿ ಒಂದು ಹಳದಿ ಅನಕೊಂಡ ಸಾಕಿದ್ದ. ಈಗ ಅವನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ. ಹೋಗುವ ಮುಂಚೆ ಹಾವು, ಅದರ ಪೆಟ್ಟಿಗೆ, ಒಂದಿಷ್ಟು ವೈರು, ಬಲ್ಬು ಎಲ್ಲ ಟೆಂಪೋದಲ್ಲಿ ಹೇರಿಕೊಂಡು ಬಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. "ಎರಡು ವರ್ಷ ಅಷ್ಟೇ ಅಣ್ಣ" ಅಂದ.

ಹೆಣ್ಣು ಹಾವು. ಉದ್ದ ಸುಮಾರು 10 ಅಡಿ. ತೂಕ 18 ಕೆಜಿ ಅಂತ ಅವನು ಹೇಳಿದ್ದು, ನಾನು ತೂಗಲು ಹೋಗಿಲ್ಲ. ಮಹಡಿ ಮೇಲಿನ ಶೀಟ್ ರೂಮಿನಲ್ಲಿ ಇಟ್ಟಿದ್ದೇವೆ. ಪ್ಲೈವುಡ್ ಪೆಟ್ಟಿಗೆ, 6 ಅಡಿ ಉದ್ದ, 3 ಅಡಿ ಅಗಲ, ಮುಂದೆ ಗಾಜು. ಒಳಗೆ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು. ಹಾವು ಹಗಲೆಲ್ಲ ಆ ಟಬ್ಬಿನಲ್ಲೇ ಬಿದ್ದಿರುತ್ತದೆ. 2020ರಲ್ಲಿ ಸರ್ಕಾರಕ್ಕೆ ಘೋಷಣೆ ಮಾಡಿದ ಪ್ರತಿ ಇದೆ. ಆಮೇಲೆ ಅವನು ಏನೂ ಮಾಡಿದ ಹಾಗೆ ಕಾಣುವುದಿಲ್ಲ.

ಅಮ್ಮ ಮಹಡಿ ಹತ್ತುವುದನ್ನೇ ಬಿಟ್ಟಿದ್ದಾರೆ. ಹಪ್ಪಳ ಒಣಗಿಸಲು ಪಕ್ಕದ ಮನೆ ತಾರಸಿಗೆ ಹೋಗುತ್ತಾರೆ. ನನಗೆ ಹಾವಿನ ಭಯ ಇಲ್ಲ. ಕೇಳೋದು ಇಷ್ಟು: ಒಬ್ಬನೇ ನೋಡಿಕೊಳ್ಳಬಹುದಾ? ಖರ್ಚು ಎಷ್ಟಾಗುತ್ತದೆ? ಝೂಗೆ ಕೊಟ್ಟರೆ ತೆಗೆದುಕೊಳ್ಳುತ್ತಾರಾ?

ತಿಪಟೂರು_ಕೊಬ್ಬರಿ
ನನ್ನ ತಮ್ಮ ಪರದೇಶಕ್ಕೆ ಹೋಗುವಾಗ ಇಎಂಐ ಬಾಕಿ ಇದ್ದ ಬೈಕ್ ಬಿಟ್ಟು ಹೋದ ಅಂತ ಇಷ್ಟು ದಿನ ಬೈಯುತ್ತಿದ್ದೆ. ಇವತ್ತಿನಿಂದ ಬೈಯಲ್ಲ.

ಬಂಗಾರಪೇಟೆ_ಅಕ್ಕ (ಕೋಲಾರ ಜಿಲ್ಲೆ)
ಕ್ಯಾತ್ಸಂದ್ರ ತಮ್ಮ, ಭಯ ಇಲ್ಲ ಅಂದೆಯಲ್ಲ, ಸಂತೋಷ. ಆದರೆ ಅದರಿಂದ ಇಲ್ಲಿ ಜಾಸ್ತಿ ಉಪಯೋಗ ಇಲ್ಲ. ದೊಡ್ಡ ಹಾವು ಸಾಕುವುದು ಅಂದರೆ ನೀರು ಹೊರುವುದು, ಕಕ್ಕ ಬಳಿಯುವುದು, ಕರೆಂಟ್ ಬಿಲ್ ಕಟ್ಟುವುದು. ಅದೂ ಹದಿನೈದು ಇಪ್ಪತ್ತು ವರ್ಷ. ನಾನು ಬೋವಾ (ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ, ವಿಷ ಇಲ್ಲದ ವಿದೇಶಿ ಹಾವು) ಸಾಕಿದ್ದೇನೆ, ನೋಂದಣಿ ಮಾಡಿಸಿಯೇ. ಹಳದಿ ಅನಕೊಂಡ ನನ್ನ ಮನೆಯಲ್ಲಿಲ್ಲ. ಸಾಕಿದವರ ಮನೆಯಲ್ಲಿ ಪೆಟ್ಟಿಗೆ ತೊಳೆಯಲು ಕೈ ಜೋಡಿಸಿದ್ದೇನೆ.

ಈ ಹಾವು ಪರಾಗ್ವೆ, ಬೊಲಿವಿಯಾ, ಬ್ರೆಜಿಲ್, ಅರ್ಜೆಂಟೀನಾ ಕಡೆಯ ಜೌಗು ನೆಲದ್ದು. ಸಿನಿಮಾದಲ್ಲಿ ತೋರಿಸುವ ಹಸಿರು ಅನಕೊಂಡ ಬೇರೆ, ಪ್ರಪಂಚದಲ್ಲೇ ಜಾಸ್ತಿ ತೂಕದ ಹಾವು ಅದು. ನಿಮ್ಮದು ಅಷ್ಟು ಬೆಳೆಯುವುದಿಲ್ಲ. ಆದರೂ ಹೆಣ್ಣು 12 ಅಡಿ ದಾಟುವುದು ಅಪರೂಪವಲ್ಲ. 10 ಅಡಿ ಹಾವಿಗೆ 6 ಅಡಿ ಪೆಟ್ಟಿಗೆ ಸಾಲದು. ಕಡಿಮೆ ಅಂದರೂ 8 ಅಡಿ ಉದ್ದ 4 ಅಡಿ ಅಗಲ ಬೇಕು. ಮೈ ಪೂರ್ತಿ ಚಾಚಲು ಜಾಗ ಇದ್ದರೆ ಇನ್ನೂ ಒಳ್ಳೆಯದು.

ಹಗಲೆಲ್ಲ ನೀರಲ್ಲೇ ಇರುತ್ತದೆ ಅಂದೆ. ಅನಕೊಂಡಕ್ಕೆ ನೀರು ಇಷ್ಟ, ನಿಜ. ಆದರೆ ಬೇರೆ ಕಾರಣವೂ ಇರಬಹುದು. ಪೆಟ್ಟಿಗೆ ಜಾಸ್ತಿ ಬಿಸಿಯಾದರೂ ನೀರಿಗೆ ಹೋಗುತ್ತದೆ. ಬಚ್ಚಿಟ್ಟುಕೊಳ್ಳಲು ಬೇರೆ ಜಾಗ ಇಲ್ಲದಿದ್ದರೂ ಹೋಗುತ್ತದೆ. ಮೈಮೇಲೆ ನುಸಿ ಆಗಿದ್ದರಂತೂ ನೀರು ಬಿಟ್ಟು ಏಳುವುದೇ ಇಲ್ಲ. ಟಬ್ಬಿನ ತಳದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಾಣುತ್ತವಾ ನೋಡು. ಗದ್ದದ ಕೆಳಗಿನ ಹುರುಪೆಯ ಸಂದು, ಕಣ್ಣಿನ ಸುತ್ತ ನೋಡು. ಹೊಟ್ಟೆಯ ಕಡೆ ನೀರುಗುಳ್ಳೆ ಎದ್ದಿದೆಯಾ ಅಂತಲೂ ನೋಡು. ನೀರಿಗೆ ಇಳಿಯುವ ಹಾವಾದರೂ ಅದಕ್ಕೆ ಒಣ ನೆಲ ಬೇಕೇ ಬೇಕು. ಒದ್ದೆಯಲ್ಲೇ ಬಿದ್ದಿದ್ದರೆ ಚರ್ಮ ಕೊಳೆಯುತ್ತದೆ.

ಒಬ್ಬನೇ ನೋಡಿಕೊಳ್ಳಬಹುದಾ ಅನ್ನುವುದಕ್ಕೆ ಉತ್ತರ: ಇಲ್ಲ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಒಲೆ ಮೇಲೆ ಹಾಲಿದೆ.

ತಿಪಟೂರು_ಕೊಬ್ಬರಿ
ನುಸಿ ಅಂದರೆ ನಮ್ಮ ತೆಂಗಿನ ನುಸಿನಾ ಅಕ್ಕ? ಅದೇ ನಮ್ಮನ್ನು ಅರ್ಧ ಸಾಯಿಸಿದೆ.

ಬಂಗಾರಪೇಟೆ_ಅಕ್ಕ
ಬೇರೆ ಜಾತಿ ಕಣಪ್ಪ. ಇದು ರಕ್ತ ಕುಡಿಯುತ್ತದೆ. ಕಾಟ ಮಾತ್ರ ಒಂದೇ.

ಕೋರ್ಟ್_ರಸ್ತೆ (ಚಿಕ್ಕಬಳ್ಳಾಪುರ)
ವಕೀಲನಾಗಿ ಎರಡು ಮಾತು. ಹಾವಿಗಿಂತ ಮೊದಲು ಕಾಗದ ಸರಿ ಮಾಡಿಕೊಳ್ಳಿ.

2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಸೂಚನೆ ಹೊರಡಿಸಿತ್ತು. ವಿದೇಶಿ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಘೋಷಿಸಿಕೊಂಡರೆ ದಾಖಲೆ ಕೇಳುವುದಿಲ್ಲ ಅಂತ. ನಿಮ್ಮ ತಮ್ಮನ ಹತ್ತಿರ ಇರುವುದು ಆ ಕಾಗದ. ಅದಾದ ಮೇಲೆ ಕಾನೂನೇ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಇರುವ ಜೀವಿಗಳನ್ನೆಲ್ಲ ನಾಲ್ಕನೇ ಅನುಸೂಚಿಯಲ್ಲಿ ಸೇರಿಸಿದರು. ಹಳದಿ ಅನಕೊಂಡ ಆ ಮಿತಿ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ, ಹಾಗಾಗಿ ಇದಕ್ಕೂ ಅನ್ವಯ. 2024ರ ಫೆಬ್ರವರಿ 28ಕ್ಕೆ ನೋಂದಣಿ ನಿಯಮ ಬಂತು. ಆಗಲೇ ಸಾಕುತ್ತಿದ್ದವರಿಗೆ ಆರು ತಿಂಗಳು, ಹೊಸದಾಗಿ ಕೈಗೆ ಬಂದವರಿಗೆ 30 ದಿನ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿ ಅದನ್ನು ನೋಡುತ್ತದೆ. ಹಾವು ಕೈ ಬದಲಾಯಿಸಿದರೂ ತಿಳಿಸಬೇಕು, ಸತ್ತರೂ ತಿಳಿಸಬೇಕು, ಮರಿ ಹಾಕಿದರೂ ತಿಳಿಸಬೇಕು.

ಅಂದರೆ ಹಾವು ತಮ್ಮನ ಹೆಸರಿನಲ್ಲಿ ನೋಂದಣಿ ಆಗಿರಬೇಕು, ಆಮೇಲೆ ನಿಮ್ಮ ಹೆಸರಿಗೆ ವರ್ಗಾವಣೆ ಆಗಬೇಕು. ಎರಡೂ ಆಗದೆ ಇದ್ದರೆ ಹಳೆಯ ಘೋಷಣೆ ಹಿಡಿದುಕೊಂಡು ಅರಣ್ಯ ಇಲಾಖೆಗೆ ನೀವೇ ಹೋಗಿ, ಹೋಗುವಾಗ ಒಬ್ಬ ವಕೀಲರನ್ನು ಕರೆದುಕೊಂಡು ಹೋಗಿ. ಪಕ್ಕದ ಮನೆಯವರು ದೂರು ಕೊಟ್ಟ ಮೇಲೆ ಹೋಗುವುದಕ್ಕೂ ಮೊದಲೇ ಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇದನ್ನು ಇಲಾಖೆ ಯಾಕೆ ಗಂಭೀರವಾಗಿ ತೆಗೆದುಕೊಳ್ಳುತ್ತದೆ ಅಂದರೆ, 2024ರ ಏಪ್ರಿಲ್‌ನಲ್ಲಿ ನಮ್ಮ ಪಕ್ಕದ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲೇ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡ ಸಿಕ್ಕವು. ನಿಮ್ಮ ಹಾವು ಅದೇ ಜಾತಿ. ಎಲ್ಲಿಂದ ಬಂತು ಅಂತ ಕೇಳಿಯೇ ಕೇಳುತ್ತಾರೆ.

ಕೆಜಿಎಫ್_ಹುಡುಗ
ಅಣ್ಣ, ಬೇಡ ಅಂದರೆ ನನಗೆ ಕೊಡಿ! ನಾನು ದೊಡ್ಡ ಹಾವೇ ಹುಡುಕುತ್ತಿದ್ದೆ. ಬೆಂಗಳೂರಿನಲ್ಲಿ ಒಬ್ಬರು ಹಳದಿ ಬಿಳಿ ಬರ್ಮೀಸ್ ಹೆಬ್ಬಾವಿನ ಮರಿ ಇದೆ ಅಂದಿದ್ದಾರೆ. ರೆಟಿಕ್ಯುಲೇಟೆಡ್ ಹೆಬ್ಬಾವು ಕೂಡ ತರಿಸಿಕೊಡುತ್ತಾರಂತೆ. ವಿದೇಶಿ ಹಾವು, ಕಾನೂನಿನ ತೊಂದರೆ ಇಲ್ಲ ಅಂದರು.

ಕೋರ್ಟ್_ರಸ್ತೆ
ಸುಮ್ನೆ ನಿಮ್ಮ ತಲೆಗೆ ಎಣ್ಣೆ ಹಚ್ಚಿದ್ದಾರೆ. ಬರ್ಮೀಸ್ ಹೆಬ್ಬಾವು ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೇ ಇದೆ. ರೆಟಿಕ್ಯುಲೇಟೆಡ್ ನಿಕೋಬಾರ್ ದ್ವೀಪಗಳಲ್ಲಿದೆ. ಎರಡೂ ನಮ್ಮ ದೇಶದ ಹಾವು. ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ, ನಮ್ಮ ಹೊಲದಲ್ಲಿ ಸಿಗುವ ಹೆಬ್ಬಾವಿನ ಹಾಗೆಯೇ. ಬಣ್ಣ ಬಿಳಿ ಆದ ಮಾತ್ರಕ್ಕೆ ವಿದೇಶಿ ಆಗುವುದಿಲ್ಲ. ಮನೆಯಲ್ಲಿ ಸಿಕ್ಕಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ. ಮಾರಿದವನು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಬಂಗಾರಪೇಟೆ_ಅಕ್ಕ
ಕೆಜಿಎಫ್ ತಮ್ಮ, ಕಾನೂನು ಬದಿಗಿಡು. ಬರ್ಮೀಸ್ ಮರಿ ಮೊಟ್ಟೆಯಿಂದ ಬಂದಾಗ ಎರಡು ಅಡಿಯೂ ಇರುವುದಿಲ್ಲ, ಅಂಗೈಯಲ್ಲಿ ಸುತ್ತಿಕೊಂಡು ಕೂರುತ್ತದೆ. ಚೆನ್ನಾಗಿ ತಿನ್ನಿಸಿದರೆ ಎರಡು ವರ್ಷದೊಳಗೆ 8 ಅಡಿ ಮುಟ್ಟುತ್ತದೆ. ಆಮೇಲೂ ನಿಲ್ಲುವುದಿಲ್ಲ. ರೆಟಿಕ್ಯುಲೇಟೆಡ್ ಇನ್ನೂ ಉದ್ದ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಮೆಡೂಸಾ ಅಂತ ಒಂದು ಇತ್ತು. 2011ರಲ್ಲಿ ಅಳೆದಾಗ 7.67 ಮೀಟರ್, 158.8 ಕೆಜಿ. ಅದನ್ನು ಎತ್ತಿ ಹಿಡಿಯಲು 15 ಜನ ಬೇಕಾಗಿತ್ತು. ಹಬ್ಬದ ದಿನ ಬಿಟ್ಟರೆ ನಿಮ್ಮ ಮನೆಗೆ 15 ಜನ ಯಾವಾಗ ಬರುತ್ತಾರೆ ಹೇಳು?

ಅಂಗಡಿಯವರು ಮಾರುವುದು ಮರಿಯನ್ನು. ನಾವು ಸಾಕುವುದು ದೊಡ್ಡದನ್ನು. ಈ ಹುಡುಗನ ತಮ್ಮನಿಗೂ ಯಾರೋ ಮರಿಯನ್ನೇ ತೋರಿಸಿದ್ದು.

ಶಿಡ್ಲಘಟ್ಟ_ಗೂಡು
ನಾನು ಹಾವು ಸಾಕಿಲ್ಲ, ರೇಷ್ಮೆ ಹುಳು ಸಾಕುತ್ತೇನೆ. ಒಂದು ಪ್ರಶ್ನೆ. ಈ ಹಾವಿಗೆ ಎಷ್ಟು ಶಾಖ, ಎಷ್ಟು ತೇವ ಬೇಕು? ಅದನ್ನು ಹೇಳಿದರೆ ನಾನು ಒಂದಿಷ್ಟು ಹೇಳಬಹುದು.

ಬಂಗಾರಪೇಟೆ_ಅಕ್ಕ
ಒಂದು ತುದಿಯಲ್ಲಿ 30ರಿಂದ 32 ಡಿಗ್ರಿ, ಇನ್ನೊಂದು ತುದಿಯಲ್ಲಿ 25, 26. ನೀರು ಕೂಡ 25ಕ್ಕಿಂತ ತಣ್ಣಗೆ ಇರಬಾರದು. ತೇವ 60, 70ರ ಆಸುಪಾಸು. ಹಾವು ತನಗೆ ಬೇಕಾದ ಕಡೆ ತಾನೇ ಹೋಗಿ ಮಲಗುತ್ತದೆ, ಅದಕ್ಕೇ ಎರಡು ತುದಿ ಬೇರೆ ಬೇರೆ ಇರಬೇಕು.

ಶಿಡ್ಲಘಟ್ಟ_ಗೂಡು
ಹಾಗಾದರೆ ಇದು ನಮ್ಮ ಕೆಲಸವೇ. ನಮಗೆ ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, 27, 28 ಡಿಗ್ರಿ ಬೇಕು, ತೇವ 85ರ ಮೇಲೆ. ದೊಡ್ಡ ಹುಳುವಿಗೆ 24, 25 ಸಾಕು, ತೇವ 70. ಎರಡು ಡಿಗ್ರಿ ಹೆಚ್ಚು ಕಡಿಮೆ ಆದರೂ ಗೂಡಿನಲ್ಲಿ ಗೊತ್ತಾಗುತ್ತದೆ. ಹುಳು ಮನೆಯಲ್ಲಿ ನಾವು ಕಲಿತದ್ದು ಹೇಳುತ್ತೇನೆ.

ಮೊದಲನೆಯದು, ಶೀಟ್ ಕೆಳಗೆ ಇಡಬೇಡಿ. ಏಪ್ರಿಲ್‌ನಲ್ಲಿ ತುಮಕೂರಲ್ಲಿ ಹೊರಗೆ 37 ಇದ್ದರೆ ಶೀಟ್ ಕೆಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಡಿಸೆಂಬರ್ ರಾತ್ರಿ 15, 16ಕ್ಕೆ ಇಳಿಯುತ್ತದೆ. ಅದೇ ಶೀಟ್ ಆಗ ಐಸ್ ಆಗುತ್ತದೆ. ಹೆಂಚು ಅಥವಾ ಆರ್‌ಸಿಸಿ ಕೆಳಗೆ, ಬಿಸಿಲು ಕಡಿಮೆ ಬೀಳುವ ಉತ್ತರದ ಕೋಣೆಯಲ್ಲಿ ಇಟ್ಟರೆ ಅರ್ಧ ಕೆಲಸ ಗೋಡೆಯೇ ಮಾಡುತ್ತದೆ.

ಶಾಖ ಕೊಡುವ ಜೊತೆಗೆ ತೇವವನ್ನೂ ನೋಡಿ. ಹೀಟರ್ ಹಾಕಿದ ಕೂಡಲೇ ಗಾಳಿ ಒಣಗುತ್ತದೆ. ನಾವು ಒದ್ದೆ ಗೋಣಿಚೀಲ ಕಟ್ಟುತ್ತೇವೆ. ತೇವ ಅಳೆಯುವ, ಒದ್ದೆ ಬಲ್ಬು ಒಣ ಬಲ್ಬು ಇರುವ ಥರ್ಮಾಮೀಟರ್ ನಮ್ಮ ಕಡೆ ರೇಷ್ಮೆ ಸಾಮಾನು ಮಾರುವ ಅಂಗಡಿಯಲ್ಲೆಲ್ಲ ಸಿಗುತ್ತದೆ. ಪೆಟ್ಟಿಗೆಗೆ ಅಂಟಿಸಿ ಬರುವ ಗಡಿಯಾರದಂಥ ಮೀಟರ್ ನಂಬಬೇಡಿ.

ಮತ್ತೆ ಅಕ್ಕ ನುಸಿ ಅಂದರಲ್ಲ. ನುಸಿಗೆ ಔಷಧಿ ಹೊಡೆಯುವ ಮುಂಚೆ ಅಕ್ಕಪಕ್ಕ ಯಾರಾದರೂ ಹುಳು ಸಾಕುತ್ತಿದ್ದಾರಾ ನೋಡಿ. ಕೀಟನಾಶಕದ ಗಾಳಿ ತಾಗಿದರೆ ಇಡೀ ಬೆಳೆ ಹೋಗುತ್ತದೆ. ಹಾವಿನ ಸಲುವಾಗಿ ಊರಲ್ಲಿ ಜಗಳ ಬೇಡ.

ಕ್ಯಾತ್ಸಂದ್ರ_ಹುಡುಗ
ಅಣ್ಣ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಈಗಲೇ ಹೋಗಿ ನೋಡಿದೆ. ಪೆಟ್ಟಿಗೆಯ ಬಿಸಿ ತುದಿ ಮಧ್ಯಾಹ್ನ 36 ತೋರಿಸುತ್ತಿದೆ, ಹೀಟರ್ ಆಫ್ ಇದ್ದಾಗಲೇ! ನುಸಿ ಕಾಣಲಿಲ್ಲ. ನೀರಿಗೆ ಹೋಗುತ್ತಿದ್ದುದು ಸೆಖೆಗೇ ಅನ್ನಿಸುತ್ತದೆ. ಕೆಳಗೆ ಉತ್ತರಕ್ಕೆ ಒಂದು ಕೋಣೆ ಇದೆ. ಅದರಲ್ಲಿ ಅಮ್ಮನ ರಾಗಿ ಡ್ರಮ್ಮು, ಹಳೇ ಪಾತ್ರೆ ಎಲ್ಲ ಇದೆ. ಮಾತಾಡಬೇಕು.

ಬಟವಾಡಿ_ವೈರಿಂಗ್ (ತುಮಕೂರು)
ನಾನು ಎಲೆಕ್ಟ್ರಿಷಿಯನ್. ಕರೆಂಟ್ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ನೀರಿನ ಟಬ್ಬು, ಪಕ್ಕದಲ್ಲೇ ಹೀಟರ್, ಒದ್ದೆ ಹಾವು. ಇದಕ್ಕೆ ಆರ್‌ಸಿಸಿಬಿ ಇಲ್ಲದೆ ಕೈ ಹಾಕಬೇಡಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅದು. 30 ಮಿಲಿಆಂಪಿಯರ್‌ದು ಹಾಕಿಸಿ, ಅರ್ತಿಂಗ್ ಚೆಕ್ ಮಾಡಿಸಿ. ಥರ್ಮೋಸ್ಟಾಟ್ ಇಲ್ಲದ ಹೀಟರ್ ಬೇಡವೇ ಬೇಡ. ಬಲ್ಬಿಗೆ, ಹೀಟರ್‌ಗೆ ತಂತಿ ಜಾಲರಿ ಇರಲಿ. ಹಾವು ಬಿಸಿ ವಸ್ತುವಿಗೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುತ್ತದೆ ಅಂತ ಕೇಳಿದ್ದೇನೆ. ಅಕ್ಕ, ನಿಜಾನಾ?

ಲೆಕ್ಕ: 300 ವಾಟ್ ಹೀಟರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 108 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ 650. ಅದು ದೊಡ್ಡದಲ್ಲ. ಆದರೆ ನಿಮ್ಮ ಮನೆಗೆ ಗೃಹಜ್ಯೋತಿ ಇದ್ದರೆ ಈ 108 ಸೇರಿ ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು. ಚಳಿಗಾಲದಲ್ಲಿ ಆಗುವುದು ಅದೇ.

ಇನ್ವರ್ಟರ್ ಇದೆ ಅಂತ ಧೈರ್ಯ ಬೇಡ. 12 ವೋಲ್ಟ್ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್ ಅವರ್ ಇದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 300 ವಾಟ್ ಹೀಟರ್ ನಾಲ್ಕು ಗಂಟೆ ಎಳೆದರೆ ಹೆಚ್ಚು. ಫ್ಯಾನು ಲೈಟು ಬೇರೆ.

ಬಂಗಾರಪೇಟೆ_ಅಕ್ಕ
ನಿಜ. ಸುಟ್ಟುಕೊಂಡರೂ ಜಾಗ ಬಿಟ್ಟು ಕದಲುವುದಿಲ್ಲ ಕೆಲವು ಹಾವು. ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಕರೆಂಟ್ ಹೋದ ರಾತ್ರಿಗೆ ಒಂದು ಉಪಾಯ: ಪೆಟ್ಟಿಗೆಗೆ ಹೊರಗಿನಿಂದ ಕಂಬಳಿ ಹೊದಿಸಿ. ಗಾಳಿ ಆಡುವ ಕಿಂಡಿ ಮುಚ್ಚಬೇಡಿ. ಬಾಟಲಿಗೆ ಬಿಸಿ ನೀರು ತುಂಬಿ ಟವೆಲ್ ಸುತ್ತಿ ಒಳಗಿಡಿ. ಒಂದು ರಾತ್ರಿ ತಣ್ಣಗಾದರೆ ಸಾಯುವುದಿಲ್ಲ. ದಿನಾ ತಣ್ಣಗಿದ್ದರೆ ಶ್ವಾಸಕೋಶದ ಸೋಂಕು ಬರುತ್ತದೆ. ಬಾಯಲ್ಲಿ ನೊರೆ, ಉಸಿರಾಡುವಾಗ ಸೀಟಿಯಂಥ ಸದ್ದು, ತಲೆ ಮೇಲಕ್ಕೆತ್ತಿ ಬಾಯಿ ತೆರೆದು ಕೂರುವುದು, ಇದರಲ್ಲಿ ಯಾವುದು ಕಂಡರೂ ಡಾಕ್ಟರ್ ಹತ್ತಿರ ಹೋಗಬೇಕು. ಇಲ್ಲೇ ಕಷ್ಟ ಇರುವುದು. ನಮ್ಮ ತಾಲ್ಲೂಕುಗಳ ಪಶು ಆಸ್ಪತ್ರೆಯಲ್ಲಿ ಹಸು ಕುರಿ ಚೆನ್ನಾಗಿ ನೋಡುತ್ತಾರೆ. ಹಾವು ನೋಡುವವರು ಬೆಂಗಳೂರಿನಲ್ಲಿ ಸಿಗುತ್ತಾರೆ. 18 ಕೆಜಿ ಹಾವನ್ನು ಬಟ್ಟೆ ಚೀಲಕ್ಕೆ ಹಾಕಿ, ಚೀಲವನ್ನು ಬೀಗ ಇರುವ ಡಬ್ಬಕ್ಕೆ ಹಾಕಿ, ನೋಂದಣಿ ಕಾಗದ ಹಿಡಿದು ಎಪ್ಪತ್ತು ಕಿಲೋಮೀಟರ್ ಹೋಗಬೇಕು. ಬಸ್ಸಿನಲ್ಲಿ ಆಗುವುದಿಲ್ಲ, ಗೊತ್ತಲ್ಲ?

ಅಮಾನಿಕೆರೆ_ವಾಕರ್
ಇಷ್ಟೆಲ್ಲ ಯಾಕ್ರೀ? ನೀರಿನ ಹಾವು ತಾನೇ. ರಾತ್ರಿ ಹೊತ್ತು ಅಮಾನಿಕೆರೆಗೋ ದೇವರಾಯನದುರ್ಗದ ಕಡೆ ಯಾವುದಾದರೂ ಹಳ್ಳಕ್ಕೋ ಬಿಟ್ಟುಬಿಡಿ. ಅದಕ್ಕೂ ಸ್ವಾತಂತ್ರ್ಯ, ನಿಮಗೂ.

ಗೌರಿಬಿದನೂರು_ಮೇಷ್ಟ್ರು
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ನಾನು ಜೀವಶಾಸ್ತ್ರ ಹೇಳಿಕೊಡುವವನು, ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಜನ ಮಾಡಿದ್ದು ಇದನ್ನೇ. ಸಾಕಿ ಸಾಕಾದ ಬರ್ಮೀಸ್ ಹೆಬ್ಬಾವುಗಳನ್ನು ಎವರ್‌ಗ್ಲೇಡ್ಸ್ ಜೌಗಿಗೆ ಬಿಟ್ಟರು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಹಾವು ಸಾಕುವ ಕೇಂದ್ರವೊಂದು ಹಾಳಾಗಿ ಅಲ್ಲಿಂದಲೂ ತಪ್ಪಿಸಿಕೊಂಡವು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೆಬ್ಬಾವು ನೆಲೆಯೂರಿದ ಕಡೆ ರಸ್ತೆಯಲ್ಲಿ ರಕೂನ್ ಅನ್ನುವ ಅಲ್ಲಿನ ಸಣ್ಣ ಕಾಡುಪ್ರಾಣಿ ಕಣ್ಣಿಗೆ ಬೀಳುವುದು ಶೇ 99ರಷ್ಟು ಇಳಿದಿತ್ತು. ಕಾಡುಬೆಕ್ಕಿನ ಜಾತಿಯ ಬಾಬ್‌ಕ್ಯಾಟ್ ಶೇ 87ರಷ್ಟು. ಅದೇ ವರ್ಷ ಅಮೆರಿಕ ಸರ್ಕಾರ ಬರ್ಮೀಸ್ ಹೆಬ್ಬಾವು, ಆಫ್ರಿಕಾದ ಎರಡು ಹೆಬ್ಬಾವು ಮತ್ತು ಇದೇ ಹಳದಿ ಅನಕೊಂಡವನ್ನು ಹಾನಿಕರ ಜೀವಿಗಳ ಪಟ್ಟಿಗೆ ಸೇರಿಸಿತು. ಇವತ್ತಿಗೂ ಹಿಡಿದು ಮುಗಿದಿಲ್ಲ. 2023ರಲ್ಲಿ ಹಿಡಿದ ಒಂದು 19 ಅಡಿ ಇತ್ತು.

ಒಂದು ಹಾವು ಬಿಟ್ಟರೆ ಏನಾಗುತ್ತದೆ ಅನ್ನಬಹುದು. ಹಸಿರು ಅನಕೊಂಡದಲ್ಲಿ ಗಂಡಿಲ್ಲದೆ ಮರಿ ಹಾಕಿದ್ದು ದಾಖಲಾಗಿದೆ. ಬಾಸ್ಟನ್‌ನ ಅಕ್ವೇರಿಯಂನಲ್ಲಿ 2019ರಲ್ಲಿ ಹೆಣ್ಣುಗಳೇ ಇದ್ದ ತೊಟ್ಟಿಯಲ್ಲಿ ಮರಿ ಹುಟ್ಟಿದವು. ಅದೂ ಬೇಡ. ಕೆರೆಯಲ್ಲಿ ಅನಕೊಂಡ ಇದೆ ಅಂತ ಒಂದು ವಿಡಿಯೋ ಓಡಾಡಿದರೆ ಸಾಕು. ಆಮೇಲೆ ದೇವರಾಯನದುರ್ಗದ ಸುತ್ತ ಯಾರದೋ ತೋಟಕ್ಕೆ ಬಂದ ನಮ್ಮ ಪಾಪದ ಹೆಬ್ಬಾವನ್ನೂ ಅನಕೊಂಡ ಅಂತಲೇ ಹೊಡೆದು ಹಾಕುತ್ತಾರೆ.

ಅಮಾನಿಕೆರೆ_ವಾಕರ್
ಇಷ್ಟು ಗೊತ್ತಿರಲಿಲ್ಲ ಸಾರ್. ಹಿಂದೆ ತೆಗೆದುಕೊಂಡೆ.

ಬಂಗಾರಪೇಟೆ_ಅಕ್ಕ
ಈಗ ಒಬ್ಬನೇ ಯಾಕೆ ಬೇಡ ಅನ್ನುವ ವಿಷಯ. 2017ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ಒಬ್ಬ ಯುವಕ ತಾನೇ ಸಾಕಿದ ಆಫ್ರಿಕಾದ ಹೆಬ್ಬಾವಿನಿಂದ ಸತ್ತ. ವರ್ಷಗಟ್ಟಲೆ ಹಾವು ಸಾಕಿದ ಅನುಭವ ಇದ್ದವನು. ಹಾವು ಎಷ್ಟು ಉದ್ದ ಇತ್ತು ಗೊತ್ತಾ? 8 ಅಡಿ. ನಿನ್ನದಕ್ಕಿಂತ ಚಿಕ್ಕದು. ಕೋಣೆಯಲ್ಲಿ ಅವನೊಬ್ಬನೇ ಇದ್ದ.

ಸುತ್ತಿಕೊಂಡರೆ ಉಸಿರು ಕಟ್ಟಿ ಸಾಯುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. 2015ರಲ್ಲಿ ಬೋವಾ ಹಾವಿನ ಮೇಲೆ ನಡೆದ ಅಧ್ಯಯನ ಬೇರೆ ಹೇಳಿತು. ಇಲಿಯನ್ನು ಬಿಗಿದ ಕೆಲವೇ ಸೆಕೆಂಡಿನಲ್ಲಿ ರಕ್ತದ ಓಟವೇ ಕುಸಿಯುತ್ತದೆ. ಪ್ರಜ್ಞೆ ಹೋಗಲು ನಿಮಿಷಗಟ್ಟಲೆ ಬೇಡ. ಕೆಳಗೆ ಹೋಗಿ ಯಾರನ್ನಾದರೂ ಕೂಗೋಣ ಅನ್ನುವಷ್ಟು ಸಮಯ ಸಿಗುವುದಿಲ್ಲ.

ಅದಕ್ಕೇ 8 ಅಡಿ ದಾಟಿದ ಹಾವಿನ ಪೆಟ್ಟಿಗೆ ತೆರೆಯುವಾಗ ಗಟ್ಟಿಮುಟ್ಟಾದ ಇಬ್ಬರು ಇರಬೇಕು. ಇಬ್ಬರಿಗೂ ಏನು ಮಾಡಬೇಕು ಅಂತ ಗೊತ್ತಿರಬೇಕು. ಕೋಳಿ, ಇಲಿ, ನಾಯಿ ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ, ಅದರ ಲೆಕ್ಕದಲ್ಲಿ ವಾಸನೆ ಅಂದರೆ ಊಟ. ತೆರೆದ ಕೂಡಲೇ ಕೈ ಹಾಕಬಾರದು. ಮೊದಲು ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ಸವರಿ, ಇವತ್ತು ಊಟ ಅಲ್ಲ ಅಂತ ಅದಕ್ಕೆ ತಿಳಿಯಲಿ. ಊಟವನ್ನು ಉದ್ದ ಇಕ್ಕಳದಲ್ಲೇ ಕೊಡಿ. ಕುತ್ತಿಗೆಗೆ ಸುತ್ತಿಕೊಂಡು ಫೋಟೋ ತೆಗೆಸಿಕೊಳ್ಳುವ ಚಟ ಇದ್ದರೆ ಇವತ್ತೇ ಬಿಡಿ.

ಕಚ್ಚಿ ಹಿಡಿದರೆ ಕೈ ಎಳೆಯಬೇಡಿ. ಹಲ್ಲು ಒಳಮುಖವಾಗಿ ಬಾಗಿರುತ್ತವೆ, ಎಳೆದಷ್ಟೂ ಹರಿಯುತ್ತದೆ. ಬಾಯಿ ಹತ್ತಿರ ತಣ್ಣೀರು ಸುರಿಯಿರಿ, ಬಿಡದಿದ್ದರೆ ಸ್ಪಿರಿಟ್ ಸ್ವಲ್ಪ. ಸುತ್ತಿದ್ದರೆ ಬಾಲದ ತುದಿಯಿಂದ ಬಿಡಿಸಬೇಕು, ಅದು ಎರಡನೆಯವರ ಕೆಲಸ. ಆಸ್ಪತ್ರೆಗೆ ಹೋದಾಗ ವಿಷ ಇಲ್ಲದ ಹಾವು ಅಂತ ಮೊದಲೇ ಹೇಳಿ. ಹಾವು ಕಚ್ಚಿದೆ ಅಂದ ಕೂಡಲೇ ವಿಷಕ್ಕೆ ಕೊಡುವ ಔಷಧಿ ತಯಾರು ಮಾಡುತ್ತಾರೆ. ಇದಕ್ಕೆ ಅದು ಬೇಡ. ಗಾಯ ತೊಳೆದು ಟಿಟಿ, ಡಾಕ್ಟರ್ ಹೇಳಿದ ಮಾತ್ರೆ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಹಾವು, ಅದರ ನೀರು ಯಾವುದನ್ನೂ ಮುಟ್ಟಿಸಬೇಡಿ. ಸಾಲ್ಮೊನೆಲ್ಲಾ ಅನ್ನುವ ಭೇದಿ ತರುವ ಬ್ಯಾಕ್ಟೀರಿಯಾ ಅಂಟುತ್ತದೆ. ಅದರ ಟಬ್ಬನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯುವಂತಿಲ್ಲ.

ಬೀಗದ ಬಗ್ಗೆ ಒಂದು ಮಾತು. 2013ರಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್ ಊರಲ್ಲಿ ಸಾಕುಪ್ರಾಣಿ ಅಂಗಡಿ ಮೇಲಿನ ಮನೆಯಲ್ಲಿದ್ದ ಹೆಬ್ಬಾವು ಗಾಳಿ ಕೊಳವೆ ಮೂಲಕ ಹೊರಟು, ಚಾವಣಿ ಕುಸಿದು, ಕೆಳಗೆ ಮಲಗಿದ್ದ ಇಬ್ಬರು ಮಕ್ಕಳ ಮೇಲೆ ಬಿತ್ತು. ಇಬ್ಬರೂ ಉಳಿಯಲಿಲ್ಲ. ಪೆಟ್ಟಿಗೆಗೆ ಬೀಗ, ಕೋಣೆಗೆ ಇನ್ನೊಂದು ಬೀಗ, ಕಿಟಕಿ, ಎಕ್ಸಾಸ್ಟ್ ತೂತಿಗೆ ಗಟ್ಟಿ ಜಾಲರಿ. ಇದರಲ್ಲಿ ಚೌಕಾಸಿ ಬೇಡ.

ಚಿಂತಾಮಣಿ_ಫಾರಂ
ಊಟದ ವಿಷಯ ನನ್ನದು. ನಮ್ಮ ಫಾರಂನಿಂದ ಇಬ್ಬರು ಹಾವು ಸಾಕುವವರು ಕೋಳಿ ಒಯ್ಯುತ್ತಾರೆ. ಕೋಳಿ ಸುಲಭವಾಗಿ ಸಿಗುತ್ತದೆ. ಆದರೆ ಕೋಳಿ ತಿಂದ ಹಾವಿನ ಕಕ್ಕ ತೆಳ್ಳಗೆ, ಗಬ್ಬು ಜಾಸ್ತಿ ಅಂತ ಅವರೇ ಹೇಳುತ್ತಾರೆ. ಮೊಲ ಸಾಕುವವರು ಕೋಲಾರ, ಚಿಂತಾಮಣಿ ಕಡೆ ಇದ್ದಾರೆ. ಕೊಂದು, ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ಪೂರ್ತಿ ಕರಗಿಸಿ ಬೆಚ್ಚಗೆ ಮಾಡಿ ಕೊಡಿ. ಜೀವಂತ ಬಿಡಬೇಡಿ. ಇಲಿ, ಮೊಲ ತಿರುಗಿ ಕಚ್ಚಿ ಹಾವಿಗೇ ಗಾಯ ಮಾಡುತ್ತವೆ, ಮತ್ತು ಆ ಪ್ರಾಣಿಗೂ ಸುಮ್ನೆ ಹಿಂಸೆ.

ಫ್ರೀಜರ್ ಬೇರೆಯದೇ ಇರಲಿ. ಅಮ್ಮನ ಫ್ರಿಜ್‌ನಲ್ಲಿ ಇಟ್ಟರೆ ಹಾವಿಗಿಂತ ಮೊದಲು ನೀವು ಮನೆ ಬಿಡಬೇಕಾಗುತ್ತದೆ.

ಬಂಗಾರಪೇಟೆ_ಅಕ್ಕ
ಹೌದು. ದೊಡ್ಡ ಹಾವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಹಸಿದ ಹಾಗೆ ಕಾಣುತ್ತದೆ ಅಂತ ವಾರ ವಾರ ಕೊಟ್ಟು ಬೊಜ್ಜು ಬೆಳೆಸಿ ಸಾಯಿಸುವವರೇ ಜಾಸ್ತಿ. ಮೀನು ಕೊಟ್ಟು ಸಾಕಲು ಹೋಗಬೇಡ. ಹಲವು ಮೀನುಗಳಲ್ಲಿ ಬಿ1 ವಿಟಮಿನ್ ಹಾಳು ಮಾಡುವ ಅಂಶ ಇರುತ್ತದೆ. ಕಣ್ಣು ಹಾಲಿನ ಹಾಗೆ ಬಿಳಿಚಿಕೊಂಡಿದ್ದರೆ ಪೊರೆ ಬಿಡುವ ಸಮಯ. ಆಗ ಮುಟ್ಟಲೂ ಬೇಡ, ಊಟವೂ ಬೇಡ. ಊಟ ಆದ ಮೇಲೆ ಎರಡು ಮೂರು ದಿನ ಎತ್ತಬೇಡ, ಕಕ್ಕಿಬಿಡುತ್ತದೆ.

ಗೌರಿಬಿದನೂರು_ಮೇಷ್ಟ್ರು
ಅಕ್ಕಪಕ್ಕದವರ ವಿಷಯ ಹೇಳಲೇಬೇಕು. ನಮ್ಮ ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರಕಲ್ಲುಗಳಿವೆ. ಹಾಲೆರೆಯುವ ಜನವೇ ಜೀವಂತ ಹಾವು ಕಂಡರೆ ದೊಣ್ಣೆ ಹುಡುಕುತ್ತಾರೆ, ನಾವು ನೋಡಿದ್ದೇ ಅಲ್ವಾ. ನಿಮ್ಮ ಬೀದಿಯಲ್ಲಿ ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ನೋಂದಣಿ ಆದ ಮೇಲೆ ಹತ್ತಿರದ ಎರಡು ಮೂರು ಮನೆಯವರಿಗೆ ನೀವೇ ಹೇಳಿ, ಬೀಗ ತೋರಿಸಿ. ತಪ್ಪಿಸಿಕೊಂಡರೆ ಮುಚ್ಚಿಡಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಪ್ರಾಣಿಯನ್ನು ಮನೆಯಲ್ಲಿ ಇಡುವುದೇ ಸರಿಯಲ್ಲ ಅನ್ನುವ ಪೈಕಿ ನಾನು. ವಿಶಾಲ ಜೌಗಿನಲ್ಲಿ ತಿರುಗುವ ಜೀವಕ್ಕೆ 8 ಅಡಿ ಪೆಟ್ಟಿಗೆ ಯಾವ ಲೆಕ್ಕ?

ಬಂಗಾರಪೇಟೆ_ಅಕ್ಕ
ಮೇಷ್ಟ್ರೇ, ಹೊಸದಾಗಿ ತರುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ನನ್ನ ಬೋವಾ ಹೋದ ಮೇಲೆ ಇನ್ನೊಂದು ತರುವುದಿಲ್ಲ. ಆದರೆ ಈ ಹಾವು ಆಗಲೇ ಬಂದು ಕೂತಿದೆ. ವಾಪಸ್ ಬೊಲಿವಿಯಾಕ್ಕೆ ಕಳಿಸಲು ಆಗುವುದಿಲ್ಲ. ಈಗ ಇರುವುದನ್ನು ಚೆನ್ನಾಗಿ ಇಡುವುದು ಒಂದೇ ದಾರಿ.

ಝೂ ವಿಷಯ: ಮೈಸೂರಲ್ಲಿ ಹಸಿರು ಅನಕೊಂಡ ಇವೆ, ಶ್ರೀಲಂಕಾದ ದೆಹಿವಾಲಾ ಮೃಗಾಲಯದಿಂದ ಬಂದವು. ಝೂನವರು ತಮ್ಮ ಯೋಜನೆ ಪ್ರಕಾರ ಪ್ರಾಣಿ ತರಿಸುತ್ತಾರೆ. ಎಲ್ಲರ ಮನೆಯ ಹಾವು ಹಿಡಿಸುವಷ್ಟು ಜಾಗ ಅವರಿಗಿಲ್ಲ. ರೋಗ ತಂದುಬಿಡುತ್ತದೆ ಅನ್ನುವ ಭಯವೂ ಇದೆ. ಬೋವಾ, ಅನಕೊಂಡ ಜಾತಿಗೆ ಬರುವ ಐಬಿಡಿ ಅನ್ನುವ ಕಾಯಿಲೆಗೆ ಔಷಧಿ ಇಲ್ಲ. ಮೈಸೂರಿಗೂ ಬನ್ನೇರುಘಟ್ಟಕ್ಕೂ ಪತ್ರ ಬರೆ, ಅರಣ್ಯ ಇಲಾಖೆ ಮೂಲಕವೇ ಬರೆ. ಆಗದು ಅಂತಲೇ ಹಿಡಿದು ಪೆಟ್ಟಿಗೆ ಕಟ್ಟಿಸು.

ಕ್ಯಾತ್ಸಂದ್ರ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಆದ ಕೆಲಸ ಹೇಳುತ್ತೇನೆ. ತಮ್ಮನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ನೋಂದಣಿ ಮಾಡಿಸಿಲ್ಲ ಅಂತ ಒಪ್ಪಿಕೊಂಡ. ವಕೀಲರ ಜೊತೆ ಅರಣ್ಯ ಕಚೇರಿಗೆ ಹೋಗಿ ಬಂದೆವು. ಹಳೆಯ ಘೋಷಣೆ ಇದ್ದುದರಿಂದ ಮಾತು ಸುಲಭವಾಯಿತು. ತಮ್ಮನ ಕಡೆಯಿಂದ ಅರ್ಜಿ ಹಾಕಿಸಲು ಹೇಳಿದ್ದಾರೆ, ಸ್ಥಳ ನೋಡಲು ಬರುತ್ತಾರಂತೆ. ಖರ್ಚು ಪೂರ್ತಿ ಅವನೇ ಕಳಿಸುತ್ತಾನೆ ಅಂತ ಒಪ್ಪಿಸಿದ್ದೇನೆ.

ಎದುರು ಮನೆಯ ಸ್ನೇಹಿತ ಎರಡನೆಯವನಾಗಿ ಬರಲು ಒಪ್ಪಿದ್ದಾನೆ. ಅಮ್ಮ ರಾಗಿ ಡ್ರಮ್ಮು ಅಡುಗೆಮನೆ ಪಕ್ಕಕ್ಕೆ ಹಾಕಿಸಿಕೊಂಡರು. ಷರತ್ತು ಒಂದೇ: ಕೋಣೆಯ ಎರಡನೇ ಬೀಗದ ಕೀ ಅವರ ಸೆರಗಿನಲ್ಲೇ ಇರುತ್ತದೆ.

ಈಗ ಉಳಿದಿರುವುದು ನೀರು. ಹೊಸ ಪೆಟ್ಟಿಗೆಯಲ್ಲಿ 3 ಅಡಿ, 2 ಅಡಿ, 1 ಅಡಿ ಆಳದ ತೊಟ್ಟಿ ಅಂದುಕೊಂಡಿದ್ದೇನೆ. ಲೆಕ್ಕ ಹಾಕಿದರೆ 170 ಲೀಟರ್. ನಮಗೆ ನಲ್ಲಿ ನೀರು ದಿನಾ ಬರುವುದಿಲ್ಲ.

ಬಂಗಾರಪೇಟೆ_ಅಕ್ಕ
ಕಕ್ಕ ಮಾಡಿದ ಕೂಡಲೇ ಬದಲಾಯಿಸಬೇಕು. ಮಾಡದಿದ್ದರೂ ಎರಡು ಮೂರು ದಿನಕ್ಕೊಮ್ಮೆ. ಬೋರ್ ನೀರು ಆಗುತ್ತದೆ, ಬಿಸಿಲಲ್ಲಿ ಡ್ರಮ್ಮಿನಲ್ಲಿಟ್ಟು ಬೆಚ್ಚಗೆ ಮಾಡಿ ಹಾಕು. ಪ್ಲೈವುಡ್ ಬೇಡ, ಒದ್ದೆಗೆ ಉಬ್ಬುತ್ತದೆ, ಪಿವಿಸಿ ಶೀಟ್ ಹಾಕಿಸು. ಬಕೆಟ್‌ನಲ್ಲಿ ಮೊಗೆಯಲು ಹೋದರೆ ಪ್ರತಿ ಸಲ ತಲೆ ಪೆಟ್ಟಿಗೆಯೊಳಗೆ ಹೋಗುತ್ತದೆ, ಅದು ಅಪಾಯ. ತೊಟ್ಟಿ ತಳಕ್ಕೆ ಡ್ರೈನ್ ಇರಲಿ, ವಾಲ್ವ್ ಪೆಟ್ಟಿಗೆಯ ಹೊರಗಿರಲಿ.

ತಿಪಟೂರು_ಕೊಬ್ಬರಿ
ಆ ನೀರು ತೆಂಗಿನ ಬುಡಕ್ಕೆ ಬಿಡಬಹುದಾ?

ಬಂಗಾರಪೇಟೆ_ಅಕ್ಕ
ತೆಂಗಿಗೆ ಬಿಡಬಹುದು. ಸೊಪ್ಪಿನ ಮಡಿಗೆ, ತರಕಾರಿಗೆ ಬೇಡ. ಮಕ್ಕಳು ಆಡುವ ಜಾಗ ಆದರೆ ಅದೂ ಬೇಡ, ಕಕ್ಕಸಿನ ಲೈನ್‌ಗೆ ಸೇರಿಸಿ.

ಬಟವಾಡಿ_ವೈರಿಂಗ್
ಒಂದೂವರೆ ಇಂಚಿನ ಪೈಪ್ ಹಾಕಿ, ಸಣ್ಣದು ಹಾಕಿದರೆ ಪೊರೆ ಸಿಕ್ಕಿಕೊಳ್ಳುತ್ತದೆ. ಬಾಯಿಗೆ ಸ್ಟೀಲ್ ಜಾಲರಿ. ಭಾನುವಾರ ಬಿಡುವಿದೆ, ಬಂದು ಆರ್‌ಸಿಸಿಬಿ ನೋಡಿಕೊಡುತ್ತೇನೆ. ಹಾವು ಆ ಹೊತ್ತಿಗೆ ಇನ್ನೂ ಮೇಲಿನ ರೂಮಿನಲ್ಲೇ ಇರಲಿ, ಬೀಗ ಹಾಕಿ. ಕೀ ಅಮ್ಮನ ಹತ್ತಿರವೇ ಇರಲಿ.